ಪ್ಲಸ್ ಟು ಇಂಗ್ಲಿಷ್ ಸಾಹಿತ್ಯಕ್ಕೆ ತಾಳಮದ್ದಳೆ: ನನ್ನ ಅನುಭವ

ಈ ಸಲ ನನ್ನ ಟ್ಯೂಶನ್‌ನ ಪ್ಲಸ್ ಟು (ಕೇರಳದ ಹನ್ನೆರಡನೇ ತರಗತಿ) ಮಕ್ಕಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನರಿಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಎ ಅಥವಾ ಎ ಪ್ಲಸ್ ಬಂತು. ಎಲ್ಲರೂ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯವರು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪ್ಲಸ್ ವನ್‌ಗೆ ಬಂದ ಕೂಡಲೇ ಪುಸ್ತಕವೆಲ್ಲ ಇಂಗ್ಲಿಷ್. ಇಂಥ ಮಕ್ಕಳಿಗೆ ನಾಟಕ ಪಾಠ ಮಾಡುವ ಕಷ್ಟ ಕಾಸರಗೋಡಿನ ಮಾಷ್ಟ್ರುಗಳಿಗೆ ನಾನು ಹೇಳಬೇಕಾಗಿಲ್ಲ.

ಮೊದಲು ದುಡ್ಡಿನ ವಿಷಯ. ಮಂಗಳೂರಿನಿಂದ ಗೈಡುಗಳನ್ನು ತರಿಸಿದೆ, ಎರಡು ಸಾವಿರದಷ್ಟು ಹೋಯಿತು. ಮಕ್ಕಳು ಬಾಯಿಪಾಠ ಮಾಡಿದರು. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಪೇಪರು ಖಾಲಿ. ಆಮೇಲೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್, ಸುಮಾರು ಏಳು ಸಾವಿರ. ಸಿನಿಮಾ ತೋರಿಸಿದೆ. ಕಥೆ ತಲೆಗೆ ಹೋಯಿತು, ಒಂದು ಸಾಲೂ ಹೋಗಲಿಲ್ಲ. ಮಳೆಗಾಲದಲ್ಲಿ ಕರೆಂಟೂ ಇಲ್ಲ. ಆ ಪ್ರೊಜೆಕ್ಟರನ್ನು ಅರ್ಧ ಬೆಲೆಗೆ ಮಾರಿದೆ.

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆ ಜೋರು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ವಾದಿಸುವ ಯಕ್ಷಗಾನ ಅದು. ಶಾಲೆ ಶುರುವಾಗುವುದೂ ಆಗಲೇ. ವಾಲಿ ವಧೆ ಕೇಳದ ಮಕ್ಕಳು ನನ್ನ ಹತ್ತಿರ ಕಡಿಮೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ, ರಾಮ ಉತ್ತರ ಕೊಡಬೇಕು. ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್'ನ ಮೂರನೇ ಅಂಕ, ಎರಡನೇ ದೃಶ್ಯದಲ್ಲೂ ಅದೇ ತಾನೇ? ಸೀಸರನನ್ನು ಕೊಂದದ್ದು ಸರಿ ಎಂದು ಬ್ರೂಟಸ್, ಅದನ್ನು ಮುರಿಯಲು ಆ್ಯಂಟನಿ. ಪಠ್ಯದಲ್ಲಿ ಯಾವ ನಾಟಕ ಇದ್ದರೂ ನಾನು ಶುರು ಮಾಡುವುದು ಇಲ್ಲಿಂದಲೇ.

ಮಕ್ಕಳಲ್ಲಿ ಒಬ್ಬರು ಭಾಗವತರು, ಅಂದರೆ ಪದ ಹೇಳುವವರು. ಅವರು ಇಂಗ್ಲಿಷ್ ಸಾಲುಗಳನ್ನು ಗಟ್ಟಿಯಾಗಿ ಓದಬೇಕು. ಇಬ್ಬರು ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತಾಡುವವರು. ಅರ್ಥ ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ, ಆದರೆ ಪದ, ಅಂದರೆ ಓದಿದ ಸಾಲು, ಬಿಟ್ಟು ಅರ್ಥ ಇಲ್ಲ. ಎದುರಿನವ "ಯಾವ ಸಾಲು?" ಎಂದರೆ ಬೆರಳಿಟ್ಟು ತೋರಿಸಬೇಕು. ತೋರಿಸದಿದ್ದರೆ ಆ ವಾದ ಬಿತ್ತು. ಸೀಸರನ ಉಯಿಲಿನಲ್ಲಿ ಪ್ರತಿ ಪ್ರಜೆಗೂ 75 ದ್ರಾಕ್ಮ ಹಣ ಇದೆ ಎಂಬುದನ್ನು ಆ್ಯಂಟನಿ ಯಾಕೆ ಅಷ್ಟು ಹೊತ್ತು ಹೇಳದೆ ಕಾಯುತ್ತಾನೆ ಎಂದು ಒಬ್ಬ ಹುಡುಗ ಅರ್ಧ ಗಂಟೆ ಅರ್ಥ ಹೇಳಿದ. ಅಂಥ ಅರ್ಥ ಯಾವ ಗೈಡಿನಲ್ಲೂ ನಾನು ಓದಿಲ್ಲ. ಕೊನೆಗೆ ಅದೇ ವಾದವನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು. ಸಾಲು ಕೈಯಲ್ಲೇ ಇರುತ್ತದೆ, ಹೇಳಬೇಕಾದ್ದೂ ಗೊತ್ತಿರುತ್ತದೆ. ವ್ಯಾಕರಣ ತಿದ್ದುವುದಷ್ಟೇ ನನಗೆ ಉಳಿದ ಕೆಲಸ.

ಯಾರ ಎದುರು ಯಾರನ್ನು ಕೂರಿಸುತ್ತೇನೆ, ಮೂರನೇ ಸುತ್ತಿನಲ್ಲಿ ನಾನು ಎಸೆಯುವ ಒಂದು ಪ್ರಶ್ನೆ ಯಾವುದು, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ನಂಬಿದವರು ಕಡಿಮೆ. "ಎಂತ ಮಾಷ್ಟ್ರೇ, ಪರೀಕ್ಷೆ ಹತ್ತಿರ ಬಂತು, ಮಕ್ಕಳನ್ನು ಕೂರಿಸಿ ಅರ್ಥ ಹೇಳಿಸುವುದಾ?" ಎಂದು ಒಬ್ಬರು ತಂದೆ ಫೋನ್ ಮಾಡಿದರು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಎಂದು ಇನ್ನೊಬ್ಬ ಟ್ಯೂಶನ್ ಮಾಷ್ಟ್ರು ಊರೆಲ್ಲ ಹೇಳಿಕೊಂಡು ಬಂದರು. ನಾಲ್ಕೈದು ಮಕ್ಕಳು ಬಿಟ್ಟೂ ಹೋದರು. ತಿಂಗಳಿಗೆ ಎರಡೂವರೆ ಸಾವಿರದಷ್ಟು ಖೋತಾ. ಫಲಿತಾಂಶ ಬಂದ ಮೇಲೆ ಅದೇ ತಂದೆ ಕಿರಿಮಗಳನ್ನೂ ಸೇರಿಸಿ ಹೋದರು.

ನಡುವೆ ಒಂದು ಪ್ರಯೋಗ ಮಾಡಿದೆ. ಶೇಕ್ಸ್‌ಪಿಯರನ ಪದ್ಯದಲ್ಲಿ ಸಾಲಿಗೆ ಹತ್ತು ಸಿಲೆಬಲ್, ನಮ್ಮ ಝಂಪೆ ತಾಳಕ್ಕೂ ಹತ್ತು ಅಕ್ಷರ ಅಲ್ವಾ? ಆ್ಯಂಟನಿಯ ಸಾಲುಗಳನ್ನು ತಾಳಕ್ಕೆ ಕೂರಿಸಲು ನೋಡಿದೆ. ಕೂರಲಿಲ್ಲ. ನಮ್ಮ ತಾಳ ಎಣಿಸುವುದು ಕಾಲವನ್ನು. ಆ ಸಾಲು ನಡೆಯುವುದು ಒತ್ತಿನ ಮೇಲೆ: ಒಂದು ಸಡಿಲ, ಒಂದು ಬಿಗಿ, ಹೀಗೆ ಐದು ಸಲ. ಕೊನೆಗೆ ತಾಳ ಬಿಟ್ಟು, ಬಿಗಿ ಬಂದಲ್ಲಿ ಮಾತ್ರ ಬೆಂಚಿಗೆ ಬೆರಳು ಕುಟ್ಟಿಸಿದೆ. ಬ್ರೂಟಸ್‌ನ ಮಾತಿಗೆ ಕುಟ್ಟಲು ಹೋದರೆ ಲೆಕ್ಕ ತಪ್ಪಿತು. ಅವನದು ಗದ್ಯ, ಆ್ಯಂಟನಿಯದು ಪದ್ಯ ಎಂಬುದನ್ನು ಮಕ್ಕಳು ಹಾಗೆ ತಾವೇ ಕಂಡುಕೊಂಡರು. ನನಗೆ ಆ ದಿನ ಆದ ಖುಷಿ ಸಣ್ಣದಲ್ಲ.

ಖರ್ಚು? ವರ್ಷಕ್ಕೆಲ್ಲ ಸೇರಿ ಜೆರಾಕ್ಸ್‌ಗೆ ಮುನ್ನೂರು, ಶನಿವಾರದ ಚಾ ಮತ್ತು ಗೋಳಿಬಜೆಗೆ ಅದಕ್ಕಿಂತ ಜಾಸ್ತಿ. ಮನೆಯಲ್ಲಿ ಮಲಯಾಳ ಮಾತಾಡುವ, ಯಕ್ಷಗಾನ ಗೊತ್ತಿಲ್ಲದ ಮಕ್ಕಳೂ ಮೂರ್ನಾಲ್ಕು ಜನ ಇದ್ದರು. ಅವರು ಚುನಾವಣೆ ಭಾಷಣದ ಧಾಟಿ ಹಿಡಿದರು. ಅದೂ ನಡೆಯಿತು.

ಬರುವ ಜೂನ್‌ಗೆ 'ಮ್ಯಾಕ್‌ಬೆತ್'ನ ಒಂದನೇ ಅಂಕ, ಏಳನೇ ದೃಶ್ಯ. ಕೊಲೆ ಬೇಡ ಎಂದು ನಿಂತ ಗಂಡನನ್ನು ಹೆಂಡತಿ ಬರೀ ಮಾತಿನಿಂದ ತಿರುಗಿಸುವ ಜಾಗ. ದೃಶ್ಯ ಚಿಕ್ಕದು, ಜೆರಾಕ್ಸ್‌ಗೆ ಎರಡು ಪುಟ ಸಾಕು.