ಪೆರೆಚ್ ಅಂದ್ರೆ ಏನು? ವಂಶಾವಳಿಯ ಒಂದು ಹೆಸರನ್ನು ಓದೋದು ಹೇಗೆ

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಭಾನುವಾರ ಸಂಜೆ ನಾವೊಂದಿಷ್ಟು ಜನ ಸೇರಿ ಕನ್ನಡ ಬೈಬಲ್ ಓದುತ್ತೇವೆ. ಧಾರವಾಡ, ಗದಗ, ಹುಬ್ಬಳ್ಳಿ ಕಡೆಯಿಂದ ಕೆಲಸಕ್ಕೆ ಅಂತ ಬಂದು ಇಲ್ಲೇ ನೆಲೆಸಿದವರೇ ಜಾಸ್ತಿ. ಕಥೆ ಇದ್ದರೆ ಎಲ್ಲರೂ ಚುರುಕು. ವಂಶಾವಳಿ ಬಂತು ಅಂದ್ರೆ ಮಾತ್ರ ಓದುವವರ ದನಿ ಇಳಿಯುತ್ತದೆ, ಯಾರಾದರೂ ಒಬ್ಬರು ‘ಇವೆಲ್ಲ ಬರೀ ಹೆಸರು, ಮುಂದೆ ಹೋಗೋಣ’ ಅಂತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಪಟ್ಟಿಯ ಎಲ್ಲಾ ಹೆಸರನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದೇ ಒಂದು ಹೆಸರು ಆರಿಸಿಕೊಳ್ಳಿ. ನಾನಿಲ್ಲಿ ಪೆರೆಚ್ ತಗೊಂಡಿದ್ದೇನೆ. ಯೇಸುವಿನ ವಂಶಾವಳಿಯಲ್ಲಿ, ಮತ್ತಾಯ 1:3ರಲ್ಲಿ, ಯೆಹೂದನ ಮಗನಾಗಿ ಬರುತ್ತಾನೆ, ತಾಯಿ ತಾಮಾರ್.

ಈಗ ಮಕ್ಕಳ ಹೆಸರಿನ ಪಟ್ಟಿ ತೆರೆದು ಅರ್ಥ ನೋಡಿದರೆ ‘ಬಿರುಕು’ ಅಂತ ಸಿಗುತ್ತದೆ, ಇಲ್ಲವೇ ‘ಒಡೆಯುವುದು’. ಅಷ್ಟಕ್ಕೇ ಪುಸ್ತಕ ಮುಚ್ಚಿದರೆ ಏನೂ ಸಿಕ್ಕ ಹಾಗಲ್ಲ. ಮಗುವಿಗೆ ಯಾರಾದರೂ ಬಿರುಕು ಅಂತ ಹೆಸರಿಡುತ್ತಾರಾ? ಆದ್ದರಿಂದ ಅರ್ಥ ನೋಡುವ ಮೊದಲು ಹುಟ್ಟಿದ ಕಥೆ ಹುಡುಕಿ. ಹೀಬ್ರೂ ಹೆಸರುಗಳಲ್ಲಿ ಎಷ್ಟೋ ಹೆಸರು ಹೆರಿಗೆಯ ಹೊತ್ತಿನಲ್ಲಿ ಯಾರೋ ಆಡಿದ ಮಾತಿನಿಂದ ಬಂದವು. ಆ ಮಾತನ್ನು ಆಡಿದವರು ಯಾರು ಅನ್ನೋದನ್ನು ಹಿಡಿದರೆ ಅರ್ಧ ಕೆಲಸ ಮುಗಿಯಿತು.

ಪೆರೆಚ್‌ನ ಕಥೆ ಆದಿಕಾಂಡ 38ರಲ್ಲಿದೆ. ಸಣ್ಣ ಮಕ್ಕಳಿಗೆ ಹೇಳಿಕೊಡುವಾಗ ಸಾಮಾನ್ಯವಾಗಿ ಬಿಟ್ಟುಬಿಡುವ ಅಧ್ಯಾಯ. ತಾಮಾರಳ ಗಂಡ ಏರ್ ಸತ್ತ. ಆಗಿನ ಪದ್ಧತಿಯಂತೆ ಅವಳನ್ನು ಕಟ್ಟಿಕೊಂಡ ಅವನ ತಮ್ಮ ಓನಾನ್‌ನೂ ಸತ್ತ. ಮೂರನೆಯವನು ದೊಡ್ಡವನಾಗಲಿ, ಕೊಡುತ್ತೇನೆ ಅಂತ ಮಾವ ಯೆಹೂದ ಅವಳನ್ನು ತವರಿಗೆ ಕಳಿಸಿದ, ಆಮೇಲೆ ಕೊಡಲಿಲ್ಲ. ಕೊನೆಗೆ ಅವಳು ಮುಸುಕು ಹಾಕಿಕೊಂಡು ದಾರಿಯಲ್ಲಿ ಕೂತಳು, ಯೆಹೂದನಿಗೆ ಅವಳ ಗುರುತು ಸಿಗಲಿಲ್ಲ, ವೇಶ್ಯೆ ಅಂದುಕೊಂಡು ಅವಳನ್ನು ಕೂಡಿದ, ಅವನ ಮುದ್ರೆ, ದಾರ, ಕೋಲು ಮೂರನ್ನೂ ಅವಳು ಒತ್ತೆಯಾಗಿ ಇಟ್ಟುಕೊಂಡಳು. ಬಸುರಿ ಅಂತ ಗೊತ್ತಾದಾಗ ಸುಟ್ಟುಬಿಡಿ ಅಂದವನೂ ಅವನೇ, ಆ ಮೂರು ವಸ್ತು ನೋಡಿ ಇವಳು ನನಗಿಂತ ನೀತಿವಂತಳು ಅಂತ ಒಪ್ಪಿಕೊಂಡವನೂ ಅವನೇ.

ಅವಳಿ ಮಕ್ಕಳು. ಮೊದಲು ಒಂದು ಕೈ ಹೊರಗೆ ಬಂತು. ಇವನೇ ಹಿರಿಯ ಅಂತ ಸೂಲಗಿತ್ತಿ ಆ ಕೈಗೆ ಕೆಂಪು ದಾರ ಕಟ್ಟಿದಳು. ಕೈ ಒಳಗೆ ಹೋಯಿತು, ಇನ್ನೊಬ್ಬ ನುಗ್ಗಿ ಹೊರಗೆ ಬಂದ. ಆಗ ಸೂಲಗಿತ್ತಿಯ ಬಾಯಿಂದ ಬಂದ ಮಾತು ಹೀಬ್ರೂವಿನಲ್ಲಿ ನಾಲ್ಕೇ ಪದ: ‘ಮಾ ಪಾರತ್ಸ್ತಾ ಆಲೇಖಾ ಪಾರೆತ್ಸ್.’ ಎಂಥಾ ಒಡಕು ಒಡೆದುಕೊಂಡು ಬಂದೆಯೋ! ನಾವು ನಗೆ ನಕ್ಕ, ಆಟ ಆಡಿದ ಅನ್ನುತ್ತೇವಲ್ಲ, ಹಾಗೆ ಒಂದೇ ಧಾತು ಎರಡು ಸಲ. ಮೂರನೆಯ ಸಲ ಅದು ಮಗುವಿನ ಹೆಸರಾಯಿತು. ಕೆರೆಯ ಏರಿ ಒಡೆದು ನೀರು ನುಗ್ಗುತ್ತದಲ್ಲ, ಅದನ್ನು ಕಣ್ಣ ಮುಂದೆ ತಂದುಕೊಳ್ಳಿ. ದಾರ ಕಟ್ಟಿಸಿಕೊಂಡವನು ಆಮೇಲೆ ಹುಟ್ಟಿದ. ಅವನು ಜೆರಹ, ಅಂದರೆ ಸೂರ್ಯನ ಹಾಗೆ ಮೂಡುವವನು. ಆ ಸೂಲಗಿತ್ತಿಯ ಹೆಸರು ಎಲ್ಲೂ ಇಲ್ಲ, ಅವಳ ಉದ್ಗಾರ ಮಾತ್ರ ರಾಜವಂಶದ ಪಟ್ಟಿಯಲ್ಲಿ ಉಳಿಯಿತು. ಇದನ್ನು ನಾನು ಪ್ರತಿ ಸಲ ಓದುವಾಗಲೂ ಒಂದು ಕ್ಷಣ ನಿಲ್ಲುತ್ತೇನೆ.

ಮುಂದಿನ ಕೆಲಸ, ಸದ್ದು ಸರಿ ಮಾಡಿಕೊಳ್ಳೋದು. ಹೆಸರಿನ ಮೂರು ಅಕ್ಷರ ಪೇ, ರೇಶ್, ತ್ಸಾದೆ. ಕೊನೆಯದು ‘ತ್ಸ’ ಸದ್ದು. ಕನ್ನಡ ಬೈಬಲ್ ಅದನ್ನು ‘ಚ’ ಅಂತ ಬರೆಯುತ್ತದೆ, ಚೀಯೋನ್, ಚಿದ್ಕೀಯ, ಹೆಚ್ರೋನ್ ಎಲ್ಲಾ ಅದೇ ಅಕ್ಷರ. ಪುಣೆ, ಮುಂಬೈಯಲ್ಲಿ ಇರುವ ನಮಗೆ ಇದು ತುಂಬಾ ಸುಲಭ. ಮರಾಠಿಯವರು ಚೋರ್, ಚಾಕ್, ಚೂಕ್ ಅನ್ನುವಾಗ ನಾಲಿಗೆ ಹಲ್ಲಿಗೆ ತಾಗಿ ತ್ಸೋರ್, ತ್ಸಾಕ್, ತ್ಸೂಕ್ ಅಂತ ಕೇಳುತ್ತದಲ್ವಾ, ಅದೇ ಚ. ಇಂಗ್ಲಿಷಿನಲ್ಲಿ ಇದೇ ಹೆಸರು ಪೆರೆಜ್ ಆಗುತ್ತದೆ, ಹಳೆಯ ಅನುವಾದಗಳಲ್ಲಿ ಫಾರೆಸ್. ಗ್ರೀಕ್ ಭಾಷೆಗೆ ತ್ಸ ಸದ್ದು ಇಲ್ಲದ್ದರಿಂದ ಬಂದ ರೂಪ ಅದು.

ಸದ್ದು ಗೊತ್ತಾದ ಮೇಲೆ ಒಂದು ಎಚ್ಚರಿಕೆ. ಸದ್ದು ಒಂದೇ ಥರ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಆಗೋದಿಲ್ಲ. ಗೋವಾದಲ್ಲಿ ಪೆರೇಸ್, ಪಿರೇಸ್ ಅನ್ನುವ ಅಡ್ಡಹೆಸರು ಕೇಳುತ್ತೀರಿ. ಅದು ಪೋರ್ಚುಗೀಸ್ ಹೆಸರು, ‘ಪೇರೊನ ಮಗ’ ಅಂತ ಅರ್ಥ, ಪೇರೊ ಅಂದರೆ ಪೇತ್ರ. ಬೈಬಲ್ ಒಳಗೇ ಇನ್ನೊಂದು ಬಲೆ ಇದೆ. ದಾನಿಯೇಲ 5ರಲ್ಲಿ ಗೋಡೆಯ ಮೇಲೆ ಬರೆದ ಮಾತಿನ ಕೊನೆಯ ಪದವನ್ನು ವಿವರಿಸುವಾಗ ಪೆರೇಸ್ ಅಂತ ಬರುತ್ತದೆ. ಅಲ್ಲಿರೋದು ಸಾಮೆಖ್ ಅಕ್ಷರ, ಅರ್ಥ ‘ಭಾಗ ಮಾಡು’. ನಮ್ಮ ಪೆರೆಚ್‌ಗೂ ಅದಕ್ಕೂ ಸಂಬಂಧ ಇಲ್ಲ. ಅಕ್ಷರ ನೋಡದೆ ಸುಮ್ನೆ ಕಿವಿ ನಂಬಿದರೆ ಇಂಥ ಕಡೆ ದಾರಿ ತಪ್ಪುತ್ತದೆ.

ಅಕ್ಷರ ನೋಡೋಕೆ ಹೀಬ್ರೂ ಓದಲು ಬರಲೇಬೇಕು ಅಂತಿಲ್ಲ. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಬೈಬಲ್ ಪದಸೂಚಿಯಲ್ಲಿ ಪ್ರತಿ ಹೀಬ್ರೂ ಪದಕ್ಕೂ ಒಂದು ನಂಬರ್ ಇದೆ, ಮೊಬೈಲ್ ಆ್ಯಪ್‌ಗಳಲ್ಲಿ ಈಗ ಅದು ಪುಕ್ಕಟೆ ಸಿಗುತ್ತದೆ. 6555 ಒಡೆದು ನುಗ್ಗು ಅನ್ನುವ ಕ್ರಿಯಾಪದ, 6556 ಒಡಕು, 6557 ನಮ್ಮ ಪೆರೆಚ್. ಮೊದಲ ಎರಡು ನಂಬರ್ ಒತ್ತಿ ಎಲ್ಲೆಲ್ಲಿ ಬರುತ್ತದೆ ಅಂತ ನೋಡಿ. ನಿಧಾನವಾಗಿ ನೋಡಿ, ಒಂದು ಸಂಜೆ ಪೂರ್ತಿ ಬೇಕಾಗುತ್ತದೆ.

ಅಲ್ಲಿ ಬೆರಗು ಕಾದಿದೆ. ಆದಿಕಾಂಡ 28:14ರಲ್ಲಿ ದೇವರು ಯಾಕೋಬನಿಗೆ ನಿನ್ನ ಸಂತಾನ ಪಶ್ಚಿಮಕ್ಕೂ ಪೂರ್ವಕ್ಕೂ ಉತ್ತರಕ್ಕೂ ದಕ್ಷಿಣಕ್ಕೂ ಹರಡುತ್ತದೆ ಅನ್ನುವಾಗ ಆ ಹರಡುವಿಕೆಗೆ ಇದೇ ಕ್ರಿಯಾಪದ. ವಿಮೋಚನಕಾಂಡ 1:12ರಲ್ಲಿ ಐಗುಪ್ತದವರು ತುಳಿದಷ್ಟೂ ಇಸ್ರಾಯೇಲ್ಯರು ಹರಡಿದರು, ಅಲ್ಲೂ ಇದೇ. ರಾಜ ದಾವೀದ ಫಿಲಿಷ್ಟಿಯರನ್ನು ಗೆದ್ದು ಪ್ರವಾಹ ಒಡೆದ ಹಾಗೆ ದೇವರು ಶತ್ರುಗಳನ್ನು ಒಡೆದ ಅಂತ ಆ ಜಾಗವನ್ನು ಬಾಳ್ ಪೆರಾಚೀಮ್ ಅಂತ ಕರೆದ, 2 ಸಮುವೇಲ 5:20. ಮುಂದಿನ ಅಧ್ಯಾಯದಲ್ಲೇ ಮಂಜೂಷ, ಅಂದರೆ ದೇವರ ಪವಿತ್ರ ಪೆಟ್ಟಿಗೆ, ಮುಟ್ಟಿ ಉಜ್ಜ ಅನ್ನುವವನು ಸತ್ತಾಗ ಆ ಜಾಗ ಪೆರೆಚ್ ಉಜ್ಜ ಆಯಿತು. ಅದೇ ಪದ ಒಂದು ಕಡೆ ಗೆಲುವು, ಇನ್ನೊಂದು ಕಡೆ ಸಾವು. ಅದಕ್ಕೇ ಹೇಳಿದ್ದು, ಅರ್ಥ ಅಂತ ಒಂದೇ ಪದ ಬರೆದುಕೊಂಡು ಕೂರಬೇಡಿ. ಒಡ್ಡು ಒಡೆದರೆ ಊರು ಮುಳುಗಬಹುದು, ಒಣಗಿದ ಹೊಲಕ್ಕೆ ನೀರೂ ಹೋಗಬಹುದು.

ಕೊನೆಗೆ ಆ ಹೆಸರನ್ನು ಪಟ್ಟಿಯಿಂದ ಪಟ್ಟಿಗೆ ಹಿಂಬಾಲಿಸಿ. ಅರಣ್ಯಕಾಂಡ 26ರ ಜನಗಣತಿಯಲ್ಲಿ ಪೆರೆಚ್‌ನ ಹೆಸರಲ್ಲಿ ಒಂದು ಕುಲವೇ ಇದೆ, ಯೆಹೂದ ಕುಲದ ಒಟ್ಟು ಲೆಕ್ಕ 76,500. ರೂತಳ ಪುಸ್ತಕದಲ್ಲಿ ಬೋವಜ ರೂತಳನ್ನು ಮದುವೆಯಾಗುವಾಗ ಊರಬಾಗಿಲಿನ ಜನ ಹರಸುವುದು ಹೇಗೆ ಗೊತ್ತಾ? ನಿನ್ನ ಮನೆ ತಾಮಾರ್ ಹೆತ್ತ ಪೆರೆಚ್‌ನ ಮನೆಯ ಹಾಗಾಗಲಿ ಅಂತ. ಯಾರನ್ನು ಸುಡಬೇಕು ಅಂದಿದ್ದರೋ ಅವಳ ಹೆಸರು ಆಶೀರ್ವಾದದೊಳಗೆ ಬಂತು. ತಾಮಾರ್, ರೂತ್ ಇಬ್ಬರೂ ಗಂಡ ಸತ್ತವರು, ಇಬ್ಬರೂ ಗಂಡನ ಕಡೆಯವರಿಂದಲೇ ವಂಶ ಉಳಿಸಿದವರು. ಆ ಪುಸ್ತಕ ಮುಗಿಯುವುದೂ ಪೆರೆಚ್‌ನಿಂದ ದಾವೀದನವರೆಗೆ ಹತ್ತು ಹೆಸರಿನ ಪಟ್ಟಿಯಿಂದ. ಯೆಹೂದನಿಂದ ಶುರು ಮಾಡಬಹುದಿತ್ತು, ಮಾಡಲಿಲ್ಲ. ಆ ಹರಕೆ ಫಲಿಸಿತು ಅಂತ ತೋರಿಸೋಕೇ ಹೀಗೆ ಬರೆದಿದ್ದಾರೆ ಅನ್ನೋದು ನನ್ನ ನಂಬಿಕೆ.

ಹೆಚ್ಚಿನವರು ದಾವೀದ ಸಿಕ್ಕ ಕೂಡಲೇ ಅಲ್ಲಿಂದ ಸೀದಾ ಮತ್ತಾಯನಿಗೆ ಹಾರುತ್ತಾರೆ. ದಯವಿಟ್ಟು ನೆಹೆಮೀಯನ ಪುಸ್ತಕದಲ್ಲಿ ಒಮ್ಮೆ ಇಳಿಯಿರಿ. ಬಾಬೆಲಿನ ಸೆರೆಯಿಂದ ಬಂದವರು ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದಾರೆ. 6:1ರಲ್ಲಿ ಗೋಡೆಯಲ್ಲಿ ಒಂದು ಒಡಕೂ ಉಳಿದಿಲ್ಲ ಅನ್ನುವ ಸುದ್ದಿ ವೈರಿಗಳಿಗೆ ಮುಟ್ಟುತ್ತದೆ. ಆ ‘ಒಡಕು’ ಹೀಬ್ರೂವಿನಲ್ಲಿ ಪೆರೆತ್ಸ್, ಅದೇ 6556. ಇನ್ನು ಐದು ಅಧ್ಯಾಯ ಮುಂದೆ, 11:6ರಲ್ಲಿ, ಆ ಗೋಡೆಯ ಒಳಗೆ ವಾಸಕ್ಕೆ ಬಂದವರ ಲೆಕ್ಕ ಇದೆ: ಪೆರೆಚ್‌ನ ಮಕ್ಕಳು, 468 ಜನ.