ವಾಪಸ್ ಹೋಗುವ ನೀರಿನ ಮೇಲೆ ಕಣ್ಣಿಡಿ

ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯ ಯಂತ್ರಗಳನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಬಾಯ್ಲರ್ ಇಲ್ಲ, ನೀರು ತಣ್ಣಗಾಗಿಸುವ ಚಿಲ್ಲರ್ ಕೂಡ ಇಲ್ಲ. ನಗರಾಡಳಿತದ ಡಿಸ್ಟ್ರಿಕ್ಟ್ ಎನರ್ಜಿ ಜಾಲದಿಂದ, ಅಂದರೆ ಸ್ಥಾವರದಿಂದ ಹಲವು ಕಟ್ಟಡಗಳಿಗೆ ನೀರು ಹಂಚುವ ವ್ಯವಸ್ಥೆಯಿಂದ, ಬಿಸಿನೀರು, ತಣ್ಣೀರು ಎರಡೂ ರಸ್ತೆಯಡಿಯ ಪೈಪಿನಲ್ಲೇ ಬರುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಗೋಡೆಯ ಹತ್ತಿರ ಹೋಗಿ, ಬಿಸಿನೀರಿನ ಕಡೆಯ ನಾಲ್ಕು ಪೈಪುಗಳನ್ನು ಗುರುತಿಸಿ. ಎರಡು ರಸ್ತೆಯ ಕಡೆಯವು, ಎರಡು ಕಟ್ಟಡದ ಕಡೆಯವು. ನಾಲ್ಕೂ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ಗೆ ಸೇರುತ್ತವೆ. ತೆಳ್ಳನೆಯ ಉಕ್ಕಿನ ತಗಡುಗಳನ್ನು ಸಾಲಾಗಿ ಒತ್ತಿ ಬಿಗಿದ ಪೆಟ್ಟಿಗೆ ಅದು. ಜಾಲದ ನೀರು ತಗಡಿನ ಒಂದು ಬದಿಯಲ್ಲಿ, ನಮ್ಮ ನೀರು ಇನ್ನೊಂದು ಬದಿಯಲ್ಲಿ ಹರಿಯುತ್ತದೆ. ಎರಡೂ ಒಂದಕ್ಕೊಂದು ಸೇರುವುದಿಲ್ಲ. ಬಿಸಿ ಮಾತ್ರ ದಾಟುತ್ತದೆ. ಹೆಚ್ಚಿನ ಕಟ್ಟಡಗಳಲ್ಲಿ ಜೋಡಣೆ ಹೀಗೇ ಇರುತ್ತದೆ.

ನಾಲ್ಕೂ ಪೈಪಿನ ಥರ್ಮಾಮೀಟರ್ ಓದಿ, ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಎಲ್ಲರೂ ಮೊದಲು ನೋಡುವುದು ಒಳಗೆ ಬರುವ ನೀರು ಎಷ್ಟು ಬಿಸಿ ಇದೆ ಅಂತ. ಅದು ಜಾಲದವರ ಜವಾಬ್ದಾರಿ. ನಿಮ್ಮ ಕೈಯಲ್ಲಿರುವುದು ವಾಪಸ್ ಹೋಗುವ ನೀರು. ಅದು ಎಷ್ಟು ತಣ್ಣಗೆ ಹೋದರೆ ಅಷ್ಟು ಒಳ್ಳೆಯದು.

ಲೆಕ್ಕ ಸುಲಭ. ಸೆಕೆಂಡಿಗೆ ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾದರೆ ಸುಮಾರು 4.2 ಕಿಲೋವ್ಯಾಟ್ ಶಾಖ ಸಿಗುತ್ತದೆ. 80 ಡಿಗ್ರಿಯಲ್ಲಿ ಬಂದ ನೀರು 40ಕ್ಕೆ ಇಳಿದು ಹೋದರೆ ಪ್ರತಿ ಲೀಟರ್‌ಗೆ 168 ಕಿಲೋವ್ಯಾಟ್. ಅದೇ ನೀರು 60ಕ್ಕೇ ವಾಪಸ್ ಹೋದರೆ 84 ಮಾತ್ರ. ಅಂದರೆ ಅಷ್ಟೇ ಶಾಖಕ್ಕೆ ಎರಡು ಪಟ್ಟು ನೀರು ಹರಿಸಬೇಕು. ಅದೇ ಪೈಪಿನಲ್ಲಿ ಎರಡು ಪಟ್ಟು ನೀರು ತಳ್ಳಲು ಪಂಪ್‌ಗೆ ಹೆಚ್ಚುಕಡಿಮೆ ಎಂಟು ಪಟ್ಟು ವಿದ್ಯುತ್ ಬೇಕು.

ಸ್ಥಾವರದ ಕಡೆಗೂ ಇದರ ಪರಿಣಾಮ ಇದೆ. ಕೆನಡಾದ ವ್ಯಾಂಕೂವರ್ ನಗರಾಡಳಿತ ಫಾಲ್ಸ್ ಕ್ರೀಕ್ ಪ್ರದೇಶದಲ್ಲಿ 2010ರಿಂದ ಚರಂಡಿ ನೀರಿನ ಶಾಖವನ್ನು, ಕಡಿಮೆ ಬಿಸಿಯ ಕಡೆಯಿಂದ ಹೆಚ್ಚು ಬಿಸಿಯ ಕಡೆಗೆ ಶಾಖ ಸಾಗಿಸುವ ಹೀಟ್ ಪಂಪ್‌ನಿಂದ ಎತ್ತಿ ಕಟ್ಟಡಗಳಿಗೆ ಕೊಡುತ್ತಿದೆ. ಎಷ್ಟು ಒಳ್ಳೆಯ ಯೋಚನೆ ಅಲ್ವಾ? ಸ್ನಾನ ಮಾಡಿ ಚೆಲ್ಲಿದ ಬಿಸಿಯೇ ಮತ್ತೆ ಮನೆಗೆ ಬರುತ್ತದೆ. ಆದರೆ ಹೀಟ್ ಪಂಪ್ ನೀರನ್ನು ಜಾಸ್ತಿ ಬಿಸಿಗೆ ಏರಿಸಬೇಕಾದಷ್ಟೂ ವಿದ್ಯುತ್ ಜಾಸ್ತಿ ತಿನ್ನುತ್ತದೆ. ಕಟ್ಟಡಗಳಿಂದ ನೀರು ಬಿಸಿಯಾಗೇ ವಾಪಸ್ ಬಂದರೆ ಹೀಟ್ ಪಂಪ್ ಮಾಡುವ ಕೆಲಸಕ್ಕೆ ಜಾಗವೇ ಉಳಿಯುವುದಿಲ್ಲ. ಕೊರತೆ ತುಂಬಲು ಗ್ಯಾಸ್ ಬಾಯ್ಲರ್ ಹಚ್ಚಬೇಕಾಗುತ್ತದೆ.

ರಿಟರ್ನ್, ಅಂದರೆ ವಾಪಸ್ ಹೋಗುವ ನೀರು, ಬಿಸಿ ಇದ್ದರೆ ತಪ್ಪು ಹುಡುಕುವುದು ಹೇಗೆ? ಎರಡು ರಿಟರ್ನ್‌ಗಳನ್ನು ಹೋಲಿಸಿ. ಕಟ್ಟಡದಿಂದ ಎಕ್ಸ್‌ಚೇಂಜರ್‌ಗೆ ಮರಳುವ ನೀರಿಗಿಂತ ಜಾಲಕ್ಕೆ ಹೋಗುವ ನೀರು ಮೂರ್ನಾಲ್ಕು ಡಿಗ್ರಿ ಮಾತ್ರ ಜಾಸ್ತಿ ಇದ್ದರೆ ಎಕ್ಸ್‌ಚೇಂಜರ್ ಚೆನ್ನಾಗಿದೆ. ಅಂತರ ಹತ್ತು ದಾಟಿದರೆ ತಗಡುಗಳಿಗೆ ಕೊಳೆ ಹಿಡಿದಿರಬಹುದು, ಇಲ್ಲವೇ ರಸ್ತೆ ಕಡೆಯ ಕಂಟ್ರೋಲ್ ವಾಲ್ವ್ ಬೇಕಾದ್ದಕ್ಕಿಂತ ಜಾಸ್ತಿ ತೆರೆದಿರಬಹುದು. ಜಾಲದವರನ್ನು ಕರೆಯಿರಿ. ರಸ್ತೆ ಕಡೆಯ ಸ್ಟ್ರೇನರನ್ನಾಗಲಿ (ಕಸ ಹಿಡಿಯುವ ಜಾಲರಿ) ವಾಲ್ವನ್ನಾಗಲಿ ನೀವೇ ಬಿಚ್ಚಬೇಡಿ. ಒತ್ತಡದಲ್ಲಿರುವ ಆ ನೀರು ಮೈಮೇಲೆ ಬಿದ್ದರೆ ಸುಟ್ಟುಬಿಡುತ್ತದೆ.

ಕಟ್ಟಡದಿಂದ ಬರುವ ನೀರೇ ಬಿಸಿ ಇದ್ದರೆ ತಪ್ಪು ಮೇಲಿನ ಮಹಡಿಗಳಲ್ಲಿದೆ. ನಮ್ಮಲ್ಲಿ ಒಂದು ಚಳಿಗಾಲ ಪೂರ್ತಿ ರಿಟರ್ನ್ 58 ಡಿಗ್ರಿಯಿಂದ ಕೆಳಗೆ ಇಳಿಯಲೇ ಇಲ್ಲ. ನಾನು ಒಂದೊಂದೇ ಮಹಡಿ ಹತ್ತಿ, ವಾಪಸ್ ಬರುವ ಪೈಪುಗಳಿಗೆ ಕ್ಲಿಪ್ ಥರ್ಮಾಮೀಟರ್ ಹಾಕುತ್ತಾ ಹೋದೆ. ಆರನೇ ಮಹಡಿಯಲ್ಲಿ, ಫಾಲ್ಸ್ ಸೀಲಿಂಗ್ ಹಿಂದೆ, ಸಪ್ಲೈಯನ್ನು, ಅಂದರೆ ಒಳಗೆ ಬರುವ ಬಿಸಿನೀರನ್ನು, ನೇರ ರಿಟರ್ನ್‌ಗೆ ಸೇರಿಸುವ ಬೆರಳು ದಪ್ಪದ ಬೈಪಾಸ್ ಪೈಪ್ ಸಿಕ್ಕಿತು. ಅದರ ವಾಲ್ವ್ ಪೂರ್ತಿ ತೆರೆದಿತ್ತು. ಹಿಡಿಯ ಮೇಲೆ ಗಾರೆಯ ಪುಡಿ ದಪ್ಪಗೆ ಕೂತಿತ್ತು. ಕಟ್ಟುವಾಗ ಪೈಪ್ ತೊಳೆಯಲು ತೆರೆದವರು ಮುಚ್ಚುವುದನ್ನೇ ಮರೆತಿದ್ದರು. ಬಿಸಿನೀರು ಯಾವ ರೇಡಿಯೇಟರ್ ಅನ್ನೂ ಮುಟ್ಟದೆ ಸುಮ್ನೆ ಸುತ್ತಿ ಕೆಳಗಿಳಿಯುತ್ತಿತ್ತು. ಮುಚ್ಚಿದ ಮರುದಿನ ಬೆಳಗ್ಗೆ ರಿಟರ್ನ್ 47. ಆ ಸಂಖ್ಯೆಯನ್ನು ಎರಡು ಸಲ ಓದಿದೆ.

ಹಾಗಾಗಿ ಮೊದಲು ಬೈಪಾಸ್‌ಗಳನ್ನು ಹುಡುಕಿ. ಆಮೇಲೆ ಮೂರು ದಾರಿಯ ವಾಲ್ವ್‌ಗಳು. ಕೋಣೆಗೆ ಬಿಸಿ ಬೇಡವಾದಾಗಲೂ ಅವು ನೀರನ್ನು ಪಕ್ಕದ ದಾರಿಯಲ್ಲಿ ಹರಿಸುತ್ತಲೇ ಇರುತ್ತವೆ. ಸಾಧ್ಯವಾದರೆ ಎರಡು ದಾರಿಯ ವಾಲ್ವ್ ಹಾಕಿಸಿ, ಪಂಪ್‌ಗೆ ವೇಗ ಬದಲಿಸುವ ಡ್ರೈವ್ ಕೂರಿಸಿ. ಒಂದು ಎಚ್ಚರಿಕೆ: ರಿಟರ್ನ್ ಇಳಿಸುವ ಆಸೆಗೆ ನಲ್ಲಿಯ ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಉಗುರು ಬೆಚ್ಚಗಿನ ನೀರಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ತಂಪಿನ ಕಡೆ ಇದೇ ಲೆಕ್ಕ ತಲೆಕೆಳಗು. ಅಲ್ಲಿ ನೀರು ಸುಮಾರು 5-6 ಡಿಗ್ರಿಯಲ್ಲಿ ಬರುತ್ತದೆ, 12-14ಕ್ಕೆ ಬೆಚ್ಚಗಾಗಿ ಹೋಗಬೇಕು. ಟೊರೊಂಟೊದಲ್ಲಿ 2004ರಿಂದ ಒಂಟಾರಿಯೊ ಸರೋವರದ 83 ಮೀಟರ್ ಆಳದ ತಣ್ಣೀರಿನ ತಂಪನ್ನು ಕಟ್ಟಡಗಳಿಗೆ ಕೊಡುತ್ತಿದ್ದಾರೆ. ಇಂಥ ಕಡೆಯೂ ನೀರು 8 ಡಿಗ್ರಿಗೇ ಮರಳಿದರೆ ತಂದ ತಂಪಿನ ಹೆಚ್ಚಿನ ಪಾಲು ಬಳಸದೆ ಹಿಂದೆ ಕಳಿಸಿದಂತೆ. ಹಾಗಾದಾಗ ನಾನು ಮೊದಲು ಗಾಳಿಯನ್ನು ತಂಪು ಮಾಡಿ ಕೋಣೆಗಳಿಗೆ ತಳ್ಳುವ ಏರ್ ಹ್ಯಾಂಡ್ಲರ್‌ನ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡುತ್ತೇನೆ. ಧೂಳು ಕಟ್ಟಿ ಗಾಳಿ ಕಮ್ಮಿಯಾದರೆ ನೀರು ಶಾಖ ಹೀರದೆ ಹಾಗೇ ಹೋಗುತ್ತದೆ. ಆಮೇಲೆ ಸೆಟ್‌ಪಾಯಿಂಟ್, ಅಂದರೆ ಗಾಳಿ ಎಷ್ಟು ಡಿಗ್ರಿ ಇರಬೇಕೆಂದು ಇಟ್ಟ ಅಂಕಿ. ಸೆಖೆ ಅಂತ ಯಾರೋ ಗಾಳಿಯನ್ನು ಅತಿ ತಣ್ಣಗೆ ಇಟ್ಟಿದ್ದರೆ ವಾಲ್ವ್ ಪೂರ್ತಿ ತೆರೆದೇ ಇರುತ್ತದೆ. ಒಂದೆರಡು ಡಿಗ್ರಿ ಏರಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನಾಲ್ಕೂ ಥರ್ಮಾಮೀಟರ್ ಓದಿ ಬರೆಯಿರಿ.