ಹೋಲ್ ಮುಟ್ಟದೆ ನಿಲ್ಲುತ್ತಿದ್ದ ಪಟ್‌ಗಳು

ಗಾಲ್ಫ್‌ನಲ್ಲಿ ಹೋಲ್‌ನ ಅಗಲ 108 ಮಿಲಿಮೀಟರ್, ಚೆಂಡಿನದು 43ಕ್ಕಿಂತ ತುಸು ಕಡಿಮೆ. ಎರಡು ಚೆಂಡು ಪಕ್ಕಪಕ್ಕದಲ್ಲಿ ಬಿದ್ದರೂ ಜಾಗ ಮಿಗುತ್ತದೆ. ಆದರೆ ಹೋಲ್ ತನಕ ಹೋಗದ ಚೆಂಡಿಗೆ ಈ ಅಗಲದಿಂದ ಏನೂ ಉಪಯೋಗವಿಲ್ಲ. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಆಡುವವನು ನಾನು. ವರ್ಷಗಟ್ಟಲೆ ನನ್ನ ಪಟ್‌ಗಳು, ಅಂದರೆ ಹೋಲ್ ಸುತ್ತಲಿನ ನುಣುಪಾದ ಹುಲ್ಲುಹಾಸಾದ ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತಗಳು, ಹೋಲ್‌ಗೆ ಗೇಣುದ್ದ ಇರುವಾಗಲೇ ನಿಂತುಬಿಡುತ್ತಿದ್ದವು. "ಲೈನ್ ಸೂಪರ್ ಸಾರ್, ಸ್ವಲ್ಪ ಶಾರ್ಟಾಯ್ತು" ಎನ್ನುವುದು, ಆಡುವ ಕೋಲುಗಳಾದ ಕ್ಲಬ್‌ಗಳನ್ನು ಹೊತ್ತು ಜೊತೆಗೆ ಬರುವ ನಮ್ಮ ಕ್ಯಾಡಿಯ ಖಾಯಂ ಮಾತಾಗಿತ್ತು. ಲೈನ್ ಎಂದರೆ ಚೆಂಡು ಸಾಗುವ ದಾರಿ.

ಇದನ್ನು ಸರಿಮಾಡಿಕೊಳ್ಳಲು ಮೊದಲು ಮಾಡಿದ್ದು ಬರೆದಿಡುವ ಕೆಲಸ. ಸ್ಕೋರ್‌ಕಾರ್ಡಿನ ಹಿಂಬದಿಯಲ್ಲಿ, ತಪ್ಪಿದ ಪ್ರತಿ ಪಟ್‌ಗೂ ಒಂದು ಗುರುತು ಹಾಕುತ್ತಾ ಬಂದೆ: ಎಷ್ಟು ಅಡಿಯಿಂದ ಹೊಡೆದದ್ದು, ಹೋಲ್‌ಗೆ ಮುಂಚೆ ನಿಂತಿತೋ ದಾಟಿ ಹೋಯಿತೋ. ಕೆಲವು ವಾರಗಳಲ್ಲಿ ಚಿತ್ರ ಸ್ಪಷ್ಟವಾಯಿತು. ಮೂವತ್ತು ಅಡಿಯ ಪಟ್‌ಗಳಲ್ಲಿ ನನಗೆ ಅಂಥ ತೊಂದರೆ ಇರಲಿಲ್ಲ. ಕೆಲವು ಮುಂಚೆ ನಿಲ್ಲುತ್ತಿದ್ದವು, ಕೆಲವು ದಾಟುತ್ತಿದ್ದವು. ಐದರಿಂದ ಹದಿನೈದು ಅಡಿಯೊಳಗಿನವು, ಅಂದರೆ 'ಇದು ಬಿದ್ದರೆ ಚೆನ್ನ' ಎಂದು ಆಸೆ ಹುಟ್ಟಿಸುವ ಪಟ್‌ಗಳೇ ಮುಂಚೆ ನಿಲ್ಲುತ್ತಿದ್ದವು. ಕೈಗೆ ದೂರದ ಅಂದಾಜು ಇಲ್ಲದಿದ್ದರೆ ಎಲ್ಲ ದೂರದಲ್ಲೂ ತಪ್ಪಬೇಕಿತ್ತು. ಹಾಗಾಗಿ ತೊಂದರೆ ಅಂದಾಜಿನದಲ್ಲ, ಬೇರೆಯದು ಎಂದು ಖಾತ್ರಿಯಾಯಿತು.

"ಧೈರ್ಯವಾಗಿ ಹೊಡೀರಿ" ಎಂದು ಜೊತೆಯಲ್ಲಿ ಆಡುವವರೆಲ್ಲ ಹೇಳುತ್ತಾರೆ. ಈ ಸಲಹೆಯಿಂದ ಯಾರಿಗೂ ಗುಣ ಸಿಕ್ಕಿದ್ದನ್ನು ನಾನು ನೋಡಿಲ್ಲ. ಧೈರ್ಯ ತಂದುಕೊಂಡು ಹೊಡೆದ ಪಟ್ ನಾಲ್ಕೈದು ಅಡಿ ಆಚೆ ಹೋಗುತ್ತದೆ, ವಾಪಸ್ ಬರುವ ಪಟ್ ತಪ್ಪುತ್ತದೆ, ಮುಂದಿನ ಗ್ರೀನ್‌ನಲ್ಲಿ ಕೈ ಇನ್ನಷ್ಟು ಬಿಗಿಯುತ್ತದೆ. ಯೋಚಿಸುತ್ತಾ ಹೋದಾಗ ನನಗೆ ತಿಳಿದದ್ದು ಇದು: ಹತ್ತು ಅಡಿಯ ಪಟ್ ಹೊಡೆಯುವಾಗ ನಾನು ಹೆದರುತ್ತಿದ್ದದ್ದು ಆ ಪಟ್‌ಗಲ್ಲ, ಅದು ತಪ್ಪಿದರೆ ಬಾಕಿ ಉಳಿಯುವ ಮೂರು ಅಡಿಗೆ. ಹಾಗಾದರೆ ಮದ್ದು ಹಾಕಬೇಕಾದದ್ದು ಆ ಮೂರು ಅಡಿಗೇ.

ಅಭ್ಯಾಸದ ಗ್ರೀನ್‌ನಲ್ಲಿ ತುಸು ಇಳಿಜಾರಿರುವ ಕಡೆ ಒಂದು ಹೋಲ್ ಆರಿಸಿಕೊಂಡು, ಸುತ್ತಲೂ ಮೂರು ಅಡಿ ದೂರದಲ್ಲಿ ಚೆಂಡುಗಳನ್ನು ಇಟ್ಟು ಒಂದೊಂದಾಗಿ ಹಾಕುತ್ತಾ ಸುತ್ತು ಬರುತ್ತಿದ್ದೆ. ಇಳಿಜಾರು ಮುಖ್ಯ. ಅದಿದ್ದರೆ ಒಂದು ಚೆಂಡು ಏರಿಗೆ, ಒಂದು ಇಳಿತಕ್ಕೆ, ಒಂದು ಎಡಕ್ಕೆ ತಿರುಗುವಂತೆ, ಇನ್ನೊಂದು ಬಲಕ್ಕೆ ತಿರುಗುವಂತೆ ಸಿಗುತ್ತದೆ. ಒಂದು ತಪ್ಪಿದರೂ ಮೊದಲಿನಿಂದ ಶುರು. ಕೊನೆಯ ಚೆಂಡಿಗೆ ಬಂದಾಗ ಎದೆ ಹೊಡೆದುಕೊಳ್ಳುತ್ತದೆ, ಆಟದಲ್ಲಿ ಆಗುವ ಹಾಗೆಯೇ. ಬೇಸರ ತರಿಸುವ ಅಭ್ಯಾಸ, ನಿಜ. ಆದರೆ ನನ್ನ ಆಟವನ್ನು ಇದರಷ್ಟು ಬದಲಿಸಿದ್ದು ಬೇರೊಂದಿಲ್ಲ.

ಇದರ ಜೊತೆಗೆ ಗೆಳೆಯರಲ್ಲಿ ಒಂದು ಮಾತು ಕೇಳಿಕೊಂಡೆ. ನಮ್ಮ ನಾಲ್ವರ ಗುಂಪಿನಲ್ಲಿ ಎರಡು ಮೂರು ಅಡಿಯ ಪಟ್‌ಗಳನ್ನು, ಹೊಡೆಯದೆಯೇ ಬಿದ್ದಂತೆ ಲೆಕ್ಕ ಹಿಡಿದು, 'ಗಿಮ್ಮಿ' ಎಂದು ಬಿಟ್ಟುಕೊಡುವುದು ವಾಡಿಕೆ. "ಎತ್ಕೊಳ್ಳಿ ಸಾರ್, ಅದೇನ್ ಹೋಗಲ್ವಾ" ಎನ್ನುತ್ತಾರೆ, ಪ್ರೀತಿಯಿಂದಲೇ. ನನಗೆ ಮಾತ್ರ ಗಿಮ್ಮಿ ಕೊಡಬೇಡಿ ಎಂದೆ. ಬಿಟ್ಟುಕೊಟ್ಟ ಪಟ್ ಸ್ಕೋರ್ ಉಳಿಸುತ್ತದೆ, ಹೆದರಿಕೆಯನ್ನೂ ಹಾಗೇ ಉಳಿಸುತ್ತದೆ. ಪ್ರತಿ ಹೋಲ್‌ನಲ್ಲೂ ಚೆಂಡು ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಮುಂದಕ್ಕೆ ಹೋಗುವುದು ರೂಢಿಯಾಯಿತು.

ಮೂರು ಅಡಿ ಕೈಗೆ ಬಂದ ಮೇಲೆ ವೇಗದ ಕಡೆ ತಿರುಗಿದೆ. ನಾಸಾದಲ್ಲಿ ಕೆಲಸ ಮಾಡಿ, ಆಮೇಲೆ ಗಾಲ್ಫ್ ಕಲಿಸಲು ಬಂದ ಡೇವ್ ಪೆಲ್ಜ್ ಅವರ ಲೆಕ್ಕ ಪ್ರಸಿದ್ಧ: ತಪ್ಪಿದರೆ ಹೋಲ್‌ನಿಂದ 17 ಇಂಚು ಆಚೆ ಹೋಗಿ ನಿಲ್ಲುವಷ್ಟು ವೇಗ ಇದ್ದರೆ ಪಟ್ ಬೀಳುವ ಅವಕಾಶ ಹೆಚ್ಚು. ಕಾರಣವನ್ನು ಗ್ರೀನ್ ಮೇಲೆಯೇ ನೋಡಬಹುದು. ದಿನವಿಡೀ ಜನ ಹೋಲ್‌ನ ಸುತ್ತ ಓಡಾಡುತ್ತಾರೆ, ಆದರೆ ಅಂಚಿನ ಹತ್ತಿರ ಯಾರೂ ಕಾಲಿಡುವುದಿಲ್ಲ. ಸುತ್ತಲ ನೆಲ ತುಳಿದು ತಗ್ಗಾಗಿ, ಅಂಚು ಒಂದೆಳೆ ಎತ್ತರದಲ್ಲಿ ಉಳಿಯುತ್ತದೆ. ಸೋತು ಬರುವ ಚೆಂಡು ಆ ಏರನ್ನು ಹತ್ತಲಾರದೆ ಪಕ್ಕಕ್ಕೆ ವಾಲುತ್ತದೆ. ಹಾಗೆಂದು ಬಡಿದು ಹಾಕುವಂತೆಯೂ ಇಲ್ಲ. ಬ್ರಯಾನ್ ಹೋಮ್ಸ್ ಎಂಬ ಭೌತವಿಜ್ಞಾನಿ 1991ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ನಟ್ಟನಡುವಿಗೆ ಬರುವ ಚೆಂಡು ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗದವರೆಗೆ ಒಳಗೆ ಬೀಳುತ್ತದೆ. ಅಂಚಿನ ಕಡೆ ಸರಿದಷ್ಟೂ ಆ ಮಿತಿ ಇಳಿಯುತ್ತದೆ. ಅಂದರೆ ಜೋರಾಗಿ ಬರುವ ಚೆಂಡಿಗೆ ಹೋಲ್ ಕಿರಿದಾಗುತ್ತದೆ.

ನಾನು ಒಂದಡಿ ಎಂದು ಗೊತ್ತುಮಾಡಿಕೊಂಡೆ, ಹೆಚ್ಚುಕಡಿಮೆ ಪಟ್ ಹೊಡೆಯುವ ಕ್ಲಬ್ ಆದ ಪಟ್ಟರ್‌ನ ಹಿಡಿಕೆಯಷ್ಟು. ಹೋಲ್‌ನ ಹಿಂದೆ ಒಂದೂವರೆ ಅಡಿ ದೂರದಲ್ಲಿ ಒಂದು ಕ್ಲಬ್ ಅಡ್ಡ ಮಲಗಿಸಿ, ತಪ್ಪಿದ ಚೆಂಡು ಹೋಲನ್ನು ದಾಟಲೇಬೇಕು, ಕ್ಲಬ್‌ಗೆ ತಾಗಬಾರದು ಎಂದು ಅಭ್ಯಾಸ ಮಾಡಿದೆ. ನನ್ನ ಗುರಿ ಈಗ ಹೋಲ್ ಅಲ್ಲ, ಅದರಾಚೆಯ ಒಂದಡಿ. ನಿಲ್ಲಬೇಕಾದ ಜಾಗ ಕಣ್ಣಿಗೆ ಕಂಡರೆ ಕೈ ತಾನಾಗಿ ಅಷ್ಟು ಕೊಡುತ್ತದೆ. ಧೈರ್ಯದ ಮಾತೇ ಬೇಕಾಗುವುದಿಲ್ಲ.

ಇಲ್ಲಿ ಯಾರೂ ಮುಂಚಿತವಾಗಿ ಹೇಳದ ಒಂದು ತೊಡಕು ಬಂತು. ವೇಗ ಸರಿಯಾದ ಮೇಲೆ ಪಟ್‌ಗಳು ಎತ್ತರದ ಬದಿಯಿಂದ ತಪ್ಪತೊಡಗಿದವು. ನಿಧಾನವಾಗಿ ಹೋಗುವ ಚೆಂಡು ಇಳಿಜಾರಿಗೆ ಹೆಚ್ಚು ತಿರುಗುತ್ತದೆ, ಚುರುಕಾಗಿ ಹೋಗುವುದು ಕಡಿಮೆ. ಇಷ್ಟು ವರ್ಷ ಸೋತ ಚೆಂಡಿಗೆ ತಕ್ಕಂತೆ ಲೈನ್ ಓದಿದ ಕಣ್ಣು, ಈಗಲೂ ಅದೇ ತಿರುವನ್ನು ಕಾಣುತ್ತಿತ್ತು. ಬಹಳ ಜನ ಇಲ್ಲಿಗೆ ಬಂದು ಕೈಬಿಡುತ್ತಾರೆ ಎಂದು ನನ್ನ ಅನಿಸಿಕೆ. ಹಳೆಯ ವೇಗದಲ್ಲಿ ಕನಿಷ್ಠ ಲೈನಾದರೂ ಸರಿ ಇತ್ತಲ್ಲ ಎಂದು ಹಿಂದಕ್ಕೆ ಹೋಗುತ್ತಾರೆ. ನಾನು ಕ್ರಮ ತಿರುಗಿಸಿದೆ. ಮೊದಲು ಚೆಂಡು ಎಲ್ಲಿ ನಿಲ್ಲಬೇಕು ಎಂದು ನಿರ್ಧಾರ, ಆಮೇಲೆ ಅಲ್ಲಿಂದ ಹಿಂದಕ್ಕೆ ಲೈನ್ ಓದುವುದು. ಕಣ್ಣು ಹೊಂದಿಕೊಳ್ಳಲು ಒಂದು ಮಳೆಗಾಲವೇ ಬೇಕಾಯಿತು.

ಮಳೆಗಾಲವೂ ಒಂದು ಪಾಠವೇ. ನಮ್ಮ ಕಡೆಯ ಗ್ರೀನ್‌ಗಳಲ್ಲಿ ಹೆಚ್ಚಾಗಿ ಬರ್ಮುಡಾ ಜಾತಿಯ ಹುಲ್ಲು. ನಿಂತ ಕಡೆಯಿಂದ ನೋಡಿದಾಗ ಹೊಳೆದರೆ ಹುಲ್ಲು ಆಚೆ ಬಾಗಿದೆ, ಚೆಂಡು ಓಡುತ್ತದೆ. ಗಾಢ ಹಸಿರು ಕಂಡರೆ ನಮ್ಮ ಕಡೆ ಬಾಗಿದೆ, ಚೆಂಡನ್ನು ಹಿಡಿಯುತ್ತದೆ. ಬೆಳಗಿನ ಇಬ್ಬನಿ, ಮಳೆ ನೀರು, ಸಂಜೆ ಹೊತ್ತಿಗೆ ಬೆಳೆದ ಹುಲ್ಲು, ಎಲ್ಲವೂ ವೇಗ ತಗ್ಗಿಸುತ್ತವೆ. ಮುಂಚೆ ನಿಲ್ಲಿಸುವ ಅಭ್ಯಾಸ ಇರುವವರು ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಕೈಯ ಚಲನೆಯಲ್ಲಿ ಬದಲಿಸಿದ್ದು ಒಂದೇ. ಹೆದರಿದ ಕೈ ಪಟ್ಟರನ್ನು ಹಿಂದಕ್ಕೆ ಉದ್ದ ಎಳೆದು, ಚೆಂಡಿನ ಹತ್ತಿರ ಬರುವಾಗ ಬ್ರೇಕ್ ಹಾಕುತ್ತದೆ. ಚೆಂಡಿನ ಹಿಂದೆ ಅಳತೆ ನೋಡಿ ಒಂದು ಟೀ (ಚೆಂಡು ಇಡುವ ಸಣ್ಣ ಗೂಟ) ಚುಚ್ಚಿ, ಪಟ್ಟರ್ ಅದನ್ನು ದಾಟದಂತೆ ಹೊಡೆಯುತ್ತಾ ಹೋದೆ. ಹಿಂದಕ್ಕೆ ಹೋಗುವುದು ಕಡಿಮೆಯಾದಾಗ ಮುಂದಕ್ಕೆ ತಳ್ಳದೆ ವಿಧಿಯಿಲ್ಲ. ಕೊನೆಯ ಸಲ ಹೋಲ್ ನೋಡಿದ ಮೇಲೆ ಚೆಂಡಿನ ಮೇಲೆ ಬಗ್ಗಿ ನಿಂತುಕೊಳ್ಳುವುದನ್ನೂ ಬಿಟ್ಟೆ. ನೋಡಿದೆ, ಹೊಡೆದೆ, ಅಷ್ಟೇ.

ಮನಸ್ಸಿಗೆ ಸಮಾಧಾನ ಕೊಟ್ಟದ್ದು ಒಂದು ಅಂಕಿ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ವೃತ್ತಿಪರ ಪಂದ್ಯಸರಣಿಯಾದ ಪಿಜಿಎ ಟೂರ್‌ನ ದಾಖಲೆಗಳಿಂದ ತೆಗೆದ ಲೆಕ್ಕದಲ್ಲಿ, ಜಗತ್ತಿನ ಉತ್ತಮ ಆಟಗಾರರೂ ಎಂಟು ಅಡಿಯಿಂದ ಹಾಕುವುದು ಸುಮಾರು ಅರ್ಧದಷ್ಟು ಮಾತ್ರ. ಅವರಿಗೇ ಅರ್ಧ ತಪ್ಪುತ್ತದೆ ಎಂದಾದಾಗ ಎಂಟು ಅಡಿಯದ್ದು ತಪ್ಪಿದರೆ ನಾನು ಯಾಕೆ ಮುಖ ಸಣ್ಣ ಮಾಡಿಕೊಳ್ಳಬೇಕು? ಪಟ್ಟಿಂಗ್ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದನ್ನು 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಮಗೆಲ್ಲ ತೋರಿಸಿದರು. ದೂರಕ್ಕೆ ಹೊಡೆಯುವವರ ನಡುವೆ, ಚಿಕ್ಕ ಡ್ರೈವ್‌ಗಳನ್ನು (ಶುರುವಿನ ಉದ್ದ ಹೊಡೆತಗಳನ್ನು) ಇಟ್ಟುಕೊಂಡೇ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನದವರೆಗೆ ಬಂದರು. ಅವತ್ತು ಗಾಲ್ಫ್ ಗೊತ್ತಿಲ್ಲದ ಮನೆಗಳಲ್ಲೂ ಟಿವಿಯಲ್ಲಿ ಪಟ್ ನೋಡುತ್ತಿದ್ದರು. ನನಗೆ ಅದು ಇಂದಿಗೂ ಹೆಮ್ಮೆ.

ಎಚ್ಚರಿಕೆಯನ್ನು ಪೂರ್ತಿ ಬಿಡಬೇಕು ಎಂದು ನಾನು ಹೇಳುವುದಿಲ್ಲ. ಬ್ರಾಡಿ ಅವರ ಲೆಕ್ಕದಲ್ಲೇ, 33 ಅಡಿ ದಾಟಿದ ಮೇಲೆ ವೃತ್ತಿಪರರಿಗೂ ಸರಾಸರಿ ಎರಡಕ್ಕಿಂತ ಹೆಚ್ಚು ಪಟ್ ಬೇಕಾಗುತ್ತದೆ. ಅಷ್ಟು ದೂರದಿಂದ ನಾನು ಈಗಲೂ ಹೋಲ್ ಪಕ್ಕದಲ್ಲಿ ನಿಲ್ಲಿಸಲೆಂದೇ ಹೊಡೆಯುತ್ತೇನೆ. ಕಡಿದಾದ ಇಳಿತದಲ್ಲಿ ಒಂದಡಿಯ ಲೆಕ್ಕವನ್ನೂ ಬಿಡುತ್ತೇನೆ. ಎತ್ತರದ ಲೈನ್ ಹಿಡಿದು, ಚೆಂಡು ಹೋಲ್‌ನ ಬಾಯಲ್ಲಿ ಸುಸ್ತಾಗಿ ಬೀಳಲಿ ಎಂದು ಬಿಡುತ್ತೇನೆ. ಏರಿನ ಪಟ್‌ಗಳಲ್ಲಿ ಮಾತ್ರ ಯಾವ ಮುಲಾಜೂ ಇಲ್ಲ. ಇನ್ನೂ ಕೈಗೆ ಬಾರದ್ದು ಎಡದಿಂದ ಬಲಕ್ಕೆ ತಿರುಗುವ ನಾಲ್ಕು ಅಡಿಯ ಇಳಿತದ ಪಟ್. ಹಾಗಾಗಿ ಈಗ ಅಭ್ಯಾಸದ ಗ್ರೀನ್‌ನಲ್ಲಿ ಚೆಂಡುಗಳ ಸುತ್ತನ್ನು ಒಂದಡಿ ಹಿಗ್ಗಿಸಿ, ಆ ಬದಿಗೆ ಎರಡು ಚೆಂಡು ಹೆಚ್ಚು ಇಡುತ್ತಿದ್ದೇನೆ.